ಕವಳದ ಕಾಲಂ

ನಾನು ಮಾಡುವ ಕೆಲಸ ಯಾವುದೆಂದು ಕತಗಾಲದವರಿಗೆ ತಿಳಿಯ ಹೇಳುವುದು ನನಗೆ ಇಂದಿಗೂ ಸಾಧ್ಯವಾಗಿಲ್ಲ. ಕ್ಯಾನ್ಸರ್ ಸಂಶೋಧನೆ ಎಂದರೆ ಡಾಕ್ಟರು ಎಂದುಕೊಂಡು ಮೊಣಕಾಲು ನೋವಿಗೆ ಮಾತ್ರೆ ಕೇಳುತ್ತಾರೆ. ಡಾಕ್ಟರಲ್ಲ, ಕಂಪ್ಯೂಟರಿನಲ್ಲಿ ಕೆಲಸ ಎಂದರೆ ಸಾಫ್ಟ್‌ವೇರಿನವಳು ಎಂದು ಸಂಬಳದ ಅಂದಾಜು ಹಾಕುತ್ತಾರೆ. ಆ ಅಂದಾಜು ಕೇಳಿದರೆ ನನಗೇ ಆಸೆಯಾಗುತ್ತದೆ. ಒಮ್ಮೆ ಮದುವೆಮನೆಯ ಪಂಕ್ತಿಯಲ್ಲಿ ದೂರದ ಸಂಬಂಧದ ಅತ್ತೆಯೊಬ್ಬರು ಕೇಳಿಯೇಬಿಟ್ಟರು: "ಡಾಕ್ಟ್ರೂ ಅಲ್ದಡ, ಕಂಪ್ಯೂಟರಿನವ್ಳೂ ಅಲ್ದಡ. ಹಂಗಾರೆ ನೀ ಎಂತದೇ ಕೂಸೆ?"

ಬಯೋಇನ್‌ಫರ್ಮ್ಯಾಟಿಕ್ಸ್ ಎಂಬ ಶಬ್ದವನ್ನು ಪಾಯಸ ಬಡಿಸುವ ಹೊತ್ತಿನಲ್ಲಿ ಹೇಳುವುದು ಹೇಗೆ? "ಲೆಕ್ಕ ಬರೆಯುವ ಕೆಲಸ ಅತ್ತೆ" ಎಂದೆ. ಅದು ಅವರಿಗೆ ಹಿಡಿಸಿತು. ಯೋಚಿಸಿದರೆ ಸುಳ್ಳೂ ಅಲ್ಲ.

ನಮ್ಮ ದೇಹದ ಪ್ರತಿ ಜೀವಕೋಶದೊಳಗೂ ಸುಮಾರು 300 ಕೋಟಿ ಅಕ್ಷರಗಳ ಒಂದು ಬರಹವಿದೆ. ವರ್ಣಮಾಲೆಯಲ್ಲಿ ಇರುವುದು ನಾಲ್ಕೇ ಅಕ್ಷರ. ಕ್ಯಾನ್ಸರ್ ಎಂದರೆ ಒಂದು ಕೋಶದ ಬರಹದಲ್ಲಿ ಆಗಬಾರದ ಕಡೆ ಅಕ್ಷರ ಕೆಟ್ಟು, ಆ ಕೋಶ ಬೆಳೆಯುವುದನ್ನು ನಿಲ್ಲಿಸದೇ ಇರುವುದು. ರೋಗಿಯ ಗಡ್ಡೆಯ ಚೂರನ್ನು ಯಂತ್ರ ಓದಿಕೊಡುತ್ತದೆ. ಇಡಿಯಾಗಿ ಅಲ್ಲ, ಕೋಟಿಗಟ್ಟಲೆ ತುಂಡುಗಳಾಗಿ. ಮಕ್ಕಳು ಹರಿದು ಹಾಕಿದ ಪಂಚಾಂಗವನ್ನು ಮತ್ತೆ ಜೋಡಿಸಿದಂತೆ ನಾವು ಅವನ್ನು ಜೋಡಿಸುತ್ತೇವೆ. ಅದೇ ರೋಗಿಯ ರಕ್ತದ ಬರಹವನ್ನೂ ಜೋಡಿಸಿ ಪಕ್ಕಕ್ಕಿಡುತ್ತೇವೆ. ರಕ್ತದಲ್ಲಿ ಇಲ್ಲದ್ದು ಗಡ್ಡೆಯಲ್ಲಿ ಇದ್ದರೆ ಅದು ರೋಗ ತಂದದ್ದು. ಎರಡರಲ್ಲೂ ಇದ್ದರೆ ಅದು ಅಪ್ಪ ಅಮ್ಮ ಕೊಟ್ಟದ್ದು.

ಈ ಲೆಕ್ಕದ ವಿದ್ಯೆಗೆ ತಳಪಾಯ ಹಾಕಿದವರಲ್ಲಿ ಒಬ್ಬಳು ಹೆಂಗಸು ಎಂದು ನೆನೆದಾಗ ನನಗೆ ಸ್ವಲ್ಪ ಹೆಮ್ಮೆ. ಅಮೆರಿಕದ ಮಾರ್ಗರೇಟ್ ಡೇಹಾಫ್ 1965ರಲ್ಲಿಯೇ ಅಂದಿನವರೆಗೆ ತಿಳಿದಿದ್ದ ಪ್ರೋಟೀನುಗಳ ಬರಹಗಳನ್ನೆಲ್ಲ ಒಟ್ಟು ಮಾಡಿ ಪುಸ್ತಕವಾಗಿ ತಂದಳು. ಕಂಪ್ಯೂಟರಿನಲ್ಲಿ ಜಾಗ ಉಳಿಯಲೆಂದು ಉದ್ದುದ್ದ ಹೆಸರುಗಳಿಗೆ ಒಂದೊಂದೇ ಅಕ್ಷರದ ಗುರುತು ಕೊಟ್ಟವಳೂ ಅವಳೇ. ಡಬ್ಬಿಗೆ ಚೀಟಿ ಅಂಟಿಸಿಡುವ ಬುದ್ಧಿ ಎಂದು ನಾನು ತಮಾಷೆ ಮಾಡುವುದುಂಟು. ಆ ಚೀಟಿಗಳನ್ನೇ ಇಂದಿಗೂ ನಾವೆಲ್ಲ ಬಳಸುತ್ತೇವೆ.

ನಮ್ಮ ತಂಡದಲ್ಲಿ ನನ್ನನ್ನು ಬಿಟ್ಟು ಆರು ಮಂದಿ. ಕೆಲಸ ಬಾಯಿಯ ಕ್ಯಾನ್ಸರಿನ ಮೇಲೆ. ತಂಡದ ಮುಖ್ಯಸ್ಥೆ ಎಂದರೆ ದೊಡ್ಡ ವಿಚಾರಗಳನ್ನು ಮಾಡುವವಳು ಎಂದುಕೊಂಡಿದ್ದೆ. ನಿಜವಾಗಿ ಅದು ಕೂಡುಕುಟುಂಬದ ಹಿರಿ ಸೊಸೆಯ ಕೆಲಸ. ದೊಡ್ಡ ಕಂಪ್ಯೂಟರ್ ಯಾರಿಗೆ ಎಷ್ಟು ಹೊತ್ತು, ಯಾರ ಫೆಲೋಶಿಪ್ ಯಾವ ತಿಂಗಳು ಮುಗಿಯುತ್ತದೆ, ಯಾರಿಗೆ ಯಾರ ಮೇಲೆ ಮುನಿಸು, ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಓಡಾಡುವುದು. ವಿಜ್ಞಾನ ಉಳಿದ ಸಮಯದಲ್ಲಿ.

ನಮ್ಮ ದೇಶದಲ್ಲಿ ಬಾಯಿಯ ಕ್ಯಾನ್ಸರಿನ ಬರಹವನ್ನು ದೊಡ್ಡದಾಗಿ ಓದಿದ್ದು ನವಿ ಮುಂಬಯಿಯ ಆಕ್ಟ್ರೆಕ್ ಮತ್ತು ಬಂಗಾಳದ ಕಲ್ಯಾಣಿಯಲ್ಲಿರುವ ರಾಷ್ಟ್ರೀಯ ಸಂಸ್ಥೆಯವರು. ಒಸಡು ಮತ್ತು ಕೆನ್ನೆಯ ನಡುವಿನ ಕ್ಯಾನ್ಸರ್ ಅದು, ಕವಳ ಒತ್ತಿಟ್ಟುಕೊಳ್ಳುವ ಜಾಗದ್ದೇ. 50 ರೋಗಿಗಳ ಗಡ್ಡೆ ಮತ್ತು ರಕ್ತ ಎರಡನ್ನೂ ಓದಿ, ಮತ್ತೆ 60 ಮಂದಿಯಲ್ಲಿ ತಾಳೆ ನೋಡಿ, 2013ರಲ್ಲಿ ಪ್ರಕಟಿಸಿದರು. ಬೇರೆ ದೇಶದವರು ಹೇಳದಿದ್ದ ಕೆಲವು ಜೀನುಗಳೂ ಅದರಲ್ಲಿ ಸಿಕ್ಕವು. 2016ರಲ್ಲಿ ಟಾಟಾ ಸ್ಮಾರಕ ಕೇಂದ್ರದವರು 62 ಭಾರತೀಯರ ಸ್ವಸ್ಥ ಮಾದರಿಗಳ ಬರಹವನ್ನು ಎಲ್ಲರಿಗೂ ಸಿಗುವಂತೆ ಇಟ್ಟರು. ಅದೇನು ದೊಡ್ಡ ವಿಷಯ ಎನ್ನಬೇಡಿ. ಎಲ್ಲ ರೋಗಿಗಳದೂ ರಕ್ತ ಸಿಕ್ಕುವುದಿಲ್ಲ. ಆಗ ಪರದೇಶದವರ ಬರಹಕ್ಕೆ ಹೋಲಿಸಿದರೆ, ನಮ್ಮ ಮನೆತನದಿಂದ ಬಂದ ಚಹರೆಯೇ ರೋಗವೆಂದು ಕಾಣುತ್ತದೆ. ಅಜ್ಜನ ಮೂಗು ಮೊಮ್ಮಗಳಿಗೆ ಬಂದರೆ ಅದನ್ನು ಬಾವು ಎಂದು ಕೊಯ್ಯುವುದುಂಟೇ?

ಇಷ್ಟಾದರೂ ಅಕ್ಷರಗಳ ಪಕ್ಕದಲ್ಲಿ ಇನ್ನೊಂದು ಕಾಗದ ಇರುತ್ತದೆ. ಅದು ಆಸ್ಪತ್ರೆಯಿಂದ ಬರುವ ನಮೂನೆ. ಹೆಸರು ನಮಗೆ ಬರುವುದಿಲ್ಲ, ಒಂದು ನಂಬರು, ವಯಸ್ಸು, ಗಂಡೋ ಹೆಣ್ಣೋ, ರೋಗದ ಹಂತ, ಮತ್ತೆ ಒಂದು ಕಾಲಂ: "ತಂಬಾಕಿನ ಚಟ: ಇದೆ / ಇಲ್ಲ."

ಒಂದು ದಿನ ನಮ್ಮ ಹಾವೇರಿ ಕಡೆಯ ಹುಡುಗ ಓಡಿಬಂದ. ಗಣಿತ ಓದಿದವನು, ಬಹಳ ಚುರುಕು. "ಮೇಡಂ, ತಂಬಾಕು ಮುಟ್ಟದ ಹೆಂಗಸರದೇ ಒಂದು ಗುಂಪು ಸಿಕ್ಕಿದೆ. ಇವರ ಗಡ್ಡೆಯಲ್ಲಿ ಒಂದು ಜೀನ್ ಕೆಡುವುದು ಹೆಚ್ಚು. ಇದು ಬೇರೆಯದೇ ರೋಗ ಇರಬೇಕು" ಎಂದ. ಗ್ರಾಫ್ ಚೆನ್ನಾಗಿತ್ತು, ಲೆಕ್ಕವೂ ಸರಿ ಇತ್ತು. ಅವನ ಫೆಲೋಶಿಪ್ ಮುಗಿಯಲು ಏಳು ತಿಂಗಳಿತ್ತು. ಇಂಥದೊಂದು ಲೇಖನ ಹೊರಬಂದರೆ ಅವನ ದಾರಿ ಸುಗಮ.

ನಾನು ಆ ಪಟ್ಟಿಯನ್ನು ನೋಡುತ್ತ ಕುಳಿತೆ. ಹೆಣ್ಣು, 62, ಇಲ್ಲ. ಹೆಣ್ಣು, 58, ಇಲ್ಲ. ಹೆಣ್ಣು, 70, ಇಲ್ಲ. ನನಗೆ ಕಂಡದ್ದು ನನ್ನ ಅಜ್ಜಿ.

ಅಜ್ಜಿಯ ಸೊಂಟದಲ್ಲಿ ಸದಾ ಒಂದು ಸಂಚಿ. ಎಲೆಗೆ ಒಂದು ಕಡೆ, ಅಡಿಕೆ ಹೋಳಿಗೆ ಒಂದು ಕಡೆ, ಸುಣ್ಣದ ಡಬ್ಬಿ, ಅಡಕತ್ತರಿ, ಮೂಲೆಯಲ್ಲಿ ಒಂದು ಎಸಳು ತಂಬಾಕು. ಊಟವಾದ ಮೇಲೆ, ದನ ಕರೆದ ಮೇಲೆ, ಅಡಿಕೆ ಸುಲಿಯಲು ಕೂರುವ ಮೊದಲು, ರಾತ್ರಿ ಮಲಗುವಾಗ. ಯಾರಾದರೂ ಅವಳನ್ನು "ನಿಮಗೆ ತಂಬಾಕಿನ ಚಟ ಇದೆಯೇ?" ಎಂದು ಕೇಳಿದ್ದರೆ ಅವಳಿಗೆ ಸಿಟ್ಟೇ ಬರುತ್ತಿತ್ತು. ಚಟ ಎಂದರೆ ಬೀಡಿ, ಇಸ್ಪೀಟು, ಹೆಂಡ. ಅದು ಗಂಡಸರದು. ಕವಳ ಚಟವೇ? ಬಂದವರಿಗೆ ಬಟ್ಟಲು ಮುಂದಿಡದಿದ್ದರೆ ಅವಮಾನ ಮಾಡಿದಂತೆ. ಮನೆಯ ಮರ್ಯಾದೆಯನ್ನು ಯಾರಾದರೂ ಚಟ ಎಂದು ಒಪ್ಪಿಕೊಳ್ಳುತ್ತಾರೆಯೇ, ಅದೂ ಪಕ್ಕದಲ್ಲಿ ಮಗ ನಿಂತಿರುವಾಗ, ಅವಸರದಲ್ಲಿರುವ ಗುಮಾಸ್ತನ ಎದುರು?

"ಇದನ್ನು ಈಗ ಬರೆಯಬೇಡ. ಮತ್ತೊಮ್ಮೆ ಕೇಳಿಸೋಣ" ಎಂದೆ. ಹುಡುಗನ ಮುಖ ಸಣ್ಣದಾಯಿತು. "ಡೇಟಾದಲ್ಲಿ ಇರುವುದು ಇಷ್ಟೇ ಅಲ್ಲವೇ ಮೇಡಂ?" ಎಂದ. ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಏಳು ತಿಂಗಳು ನನ್ನದಲ್ಲ, ಅವನದು. ಆದರೆ ತಂಬಾಕಿಲ್ಲದೆ ಬರುವ ಹೊಸ ರೋಗ ಎಂದು ಒಮ್ಮೆ ಅಚ್ಚಾದರೆ, ಅದನ್ನು ಓದಿ ನೆಮ್ಮದಿಯಾಗಿ ಕವಳ ಹಾಕುವವರು ಎಷ್ಟು ಮಂದಿಯೋ.

ಆಸ್ಪತ್ರೆಯ ಸಮಾಜಸೇವಕಿಯೊಬ್ಬರು ನೆರವಾದರು. ತಪಾಸಣೆಗೆ ಮತ್ತೆ ಬಂದವರನ್ನು ಹೊರಗಿನ ಬೆಂಚಿನಲ್ಲಿ ಕೂಡಿಸಿಕೊಂಡು, ಚಟದ ಮಾತೆತ್ತದೆ, "ಕವಳ ಹಾಕ್ತೀರಾ? ಅದಕ್ಕೆ ಏನೇನು ಸೇರಿಸ್ತೀರಿ?" ಎಂದು ಕೇಳಿದರು. ಬಹುಪಾಲು ಹೆಂಗಸರು ನಕ್ಕು ಹೇಳಿದರು. ಹೆಚ್ಚಿನವರದು ತಂಬಾಕಿನ ಕವಳವೇ. ಕೆಲವರದು ಬರೀ ಎಲೆ, ಅಡಿಕೆ, ಸುಣ್ಣ. ಏನನ್ನೂ ಹಾಕದವರು ಇಬ್ಬರೋ ಮೂವರೋ. ಕೆಲವರು ಮತ್ತೆ ಬರಲಿಲ್ಲ. ಅವರು ತೀರಿಕೊಂಡಿದ್ದರು. ಅವರ ಮುಂದೆ ಇದ್ದ "ಇಲ್ಲ" ಎಂಬುದನ್ನು ತೆಗೆದು "ತಿಳಿದಿಲ್ಲ" ಎಂದು ಬರೆಸಿದೆ. ಲೆಕ್ಕ ಮತ್ತೆ ಮಾಡಿದಾಗ ಹುಡುಗನ ಚೆಂದದ ಗ್ರಾಫ್ ಕುಸಿದುಹೋಯಿತು. ಅವನು ಎರಡು ದಿನ ಕ್ಯಾಂಟೀನಿಗೂ ಬರಲಿಲ್ಲ.

ನನಗೆ ಇನ್ನೊಂದು ಕಷ್ಟವಿತ್ತು. ಬರೀ ಅಡಿಕೆಯವರು ಎಂಬ ಆ ಸಣ್ಣ ಗುಂಪು.

ಕತಗಾಲ ನಿಮಗೆ ಗೊತ್ತಿರಲಾರದು. ಕುಮಟಾದಿಂದ ಶಿರಸಿಗೆ ಹೋಗುವ ಬಸ್ಸು ದೇವಿಮನೆ ಘಟ್ಟ ಹತ್ತುವ ಮೊದಲು ಸಿಗುವ ಊರು. ಅಲ್ಲಿ ನಮ್ಮದು ಅಡಿಕೆ ತೋಟ. ನನ್ನ ಎಂ.ಎಸ್ಸಿ. ಫೀ, ಹಾಸ್ಟೆಲ್ ಬಿಲ್ಲು, ಮೊದಲ ಕಂಪ್ಯೂಟರ್, ಎಲ್ಲ ಕುಮಟಾದ ಪೇಟೆಯಲ್ಲಿ ಮಾರಿದ ಚಾಲಿಯಿಂದ ಬಂದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1985ರಲ್ಲಿ ತಂಬಾಕು ಸೇರಿದ ಕವಳವನ್ನು ಕ್ಯಾನ್ಸರ್‌ಕಾರಕ ಎಂದಿತ್ತು. 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ತಂಬಾಕಿಲ್ಲದ ಕವಳವನ್ನೂ, ಅಡಿಕೆಯನ್ನೂ ಅದೇ ಮೊದಲ ಪಟ್ಟಿಗೆ ಸೇರಿಸಿತು. ಆ ವರ್ಷದಿಂದ ನಮ್ಮ ಕಡೆ ಇದು ಆರದ ಚರ್ಚೆ.

ಕಳೆದ ಕೊಯ್ಲಿನಲ್ಲಿ ಊರಿಗೆ ಹೋದಾಗ ಚಿಕ್ಕಪ್ಪ ಅಂಗಳದಲ್ಲಿ ಅಡಿಕೆ ಹರಗುತ್ತ ಕೇಳಿದ: "ತಪ್ಪು ತಂಬಾಕಿಂದು, ಅಡಿಕೆದಲ್ಲ ಹೇಳಿ ಬರೆಯಲೆ ಬತ್ತಿಲ್ಯ ನಿಂಗೆ?" ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸಿ ಅರ್ಧ ಬೆಳೆ ಉಳಿಸಿಕೊಂಡಿದ್ದ. ಆ ಮಾತಿನಲ್ಲಿ ಜಗಳವಿರಲಿಲ್ಲ.

ತಂಬಾಕಿನದು ದೊಡ್ಡ ಪಾಲು ಹೌದು, ಆದರೆ ಅಡಿಕೆಯೊಂದೇ ಜಗಿಯುವವರಲ್ಲೂ ಕೆನ್ನೆಯ ಒಳಪದರ ಬಿರುಸಾಗಿ ಬಾಯಿ ತೆರೆಯದಂತಾಗುತ್ತದೆ, ಆ ಬಾಯಲ್ಲಿ ಮುಂದೆ ಕ್ಯಾನ್ಸರ್ ಆಗುವುದಿದೆ ಎಂದೆ. ಆಯಿ ಜಗಲಿಯಿಂದಲೇ ಬಾಯಿ ತೆರೆದು ಮೂರು ಬೆರಳು ಹಿಡಿಸಿ ನೋಡಿಕೊಂಡಳು. ಹಿಡಿಸಿತು. ಮೂರು ವಾರವಾದರೂ ಆರದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಕಂಡರೆ ಕಾಯಬೇಡ, ತೋರಿಸು ಎಂದು ಅವಳಿಗೆ ಹೇಳಿದೆ. ಚಿಕ್ಕಪ್ಪ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಈ ವರ್ಷ ಕಾಳುಮೆಣಸಿನ ಬಳ್ಳಿ ಎಷ್ಟು ಹೊಸದಾಗಿ ಹಾಕಿಸಿದ್ದೇನೆಂದು ಹೇಳತೊಡಗಿದ. ಬರುವಾಗ ಎಂದಿನಂತೆ ಬಾಳೆಕಾಯಿ, ಕೊಬ್ಬರಿ ಎಣ್ಣೆ ಕಟ್ಟಿಕೊಟ್ಟ.

ನಮೂನೆಯ ಆ ಒಂದು ಕಾಲಂ ಈಗ ನಾಲ್ಕಾಗಿದೆ. ಕವಳವೋ, ಪುಡಿಯೋ, ಪೊಟ್ಟಣವೋ, ತಂಬಾಕು ಉಂಟೋ, ದಿನಕ್ಕೆ ಎಷ್ಟು ಸಲ, ಬಾಯಲ್ಲಿಟ್ಟುಕೊಂಡು ಮಲಗುವುದುಂಟೋ. ಕೊನೆಯದು ನಾನು ಸೇರಿಸಿದ್ದು, ಅಜ್ಜಿಯ ನೆನಪಿನಿಂದ. ಹುಡುಗನ ಫೆಲೋಶಿಪ್ಪಿಗೆ ಹೇಗೋ ಆರು ತಿಂಗಳು ಹೆಚ್ಚಿಗೆ ಕೊಡಿಸಿದ್ದಾಯಿತು. ವಾರಕ್ಕೊಮ್ಮೆ ಅವನೂ ಸಮಾಜಸೇವಕಿಯ ಜೊತೆ ಆ ಬೆಂಚಿನಲ್ಲಿ ಕೂರುತ್ತಾನೆ. ಹೋದ ವಾರ ಒಬ್ಬ ಮುದುಕಿ ತಂಬಾಕು ದಿನಕ್ಕೆ ಎಷ್ಟು ಎಂದರೆ "ಒಂದು ಉಗುರಿನಷ್ಟಪ್ಪ" ಎಂದಳಂತೆ. ಉಗುರನ್ನು ಯಾವ ಅಂಕಿಯಾಗಿ ಬರೆಯಬೇಕೆಂದು ಇಬ್ಬರೂ ಇನ್ನೂ ಯೋಚಿಸುತ್ತಿದ್ದೇವೆ.