ಹಳೇ ಕೋವಿ ಮುಟ್ಟೋಕೆ ಮುಂಚೆ ಗಜ ಹಾಕಿ ನೋಡಿ

ಆಯುಧ ಪೂಜೆ ದಿನ ನೇಗಿಲು, ಕುಡುಗೋಲು, ಟಿಲ್ಲರ್ ಜೊತೆ ಕೋವಿ ಇಟ್ಟು ಪೂಜೆ ಮಾಡಿದ ಫೋಟೋ ಹಾಕಿದ್ದೆ. "ರೈಫಲ್ ಹೊಸದಾ?" ಅಂತ ಸುಮಾರು ಜನ ಕೇಳಿದ್ರಿ. ಹೊಸದಲ್ಲ, ತಾತನ ಕಾಲದ್ದು. ಈ ವರ್ಷ ರಿಪೇರಿ ಮಾಡಿಸಿದೆ. ಆ ವಿಷಯ ಬರೀಬೇಕು ಅಂತ ಆವತ್ತಿಂದ ಅನ್ಕೊಂಡಿದ್ದೀನಿ, ಕೈ ಓಡಿರ್ಲಿಲ್ಲ. ಈಗ ರಾಗಿ ಕೊಯ್ಲು ಮುಗೀತು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲನೇದಾಗಿ ಇದು ರೈಫಲ್ ಅಲ್ಲ. ರೈಫಲ್ ಅಂದ್ರೆ ನಳಿಗೆ ಒಳಗೆ ಸುರುಳಿ ಗೀರು ಇರುತ್ತೆ. ಗುಂಡು ತಿರುಗ್ತಾ ನೇರ ಹೋಗುತ್ತೆ. ನಮ್ಮದು ಒಂಟಿ ನಳಿಗೆಯ ಕೇಪಿನ ಕೋವಿ. ಒಳಗೆ ನುಣ್ಣಗಿರುತ್ತೆ. ಮುಂದಿನ ಬಾಯಿಂದಲೇ ಮದ್ದು ಹುಯ್ದು, ತೆಂಗಿನ ನಾರು ತುರುಕಿ, ಗಜದಲ್ಲಿ ಗಿಡಿದು, ಅದರ ಮೇಲೆ ಚರೆ ಹಾಕಿ, ಮತ್ತೆ ನಾರು ಗಿಡಿಯೋದು. ಹಿಂದೆ ತೊಟ್ಟಿನ ಮೇಲೆ ಕೇಪು ಕೂರಿಸಿದ್ರೆ, ಕುದುರೆ ಬಿದ್ದಾಗ ಬೆಂಕಿ ಒಳಗೆ ಹೋಗುತ್ತೆ. ನಮ್ಮ ಕಡೆ ರೈತರ ಹತ್ರ ಇದ್ದಿದ್ದೆಲ್ಲ ಹೆಚ್ಚಾಗಿ ಇಂಥದ್ದೇ. 1959ರ ಆಯುಧ ಕಾಯ್ದೆಯಲ್ಲೂ ಬೆಳೆ ಕಾಯೋಕೆ ಇಂಥ ಕೋವಿಗೆ ಲೈಸೆನ್ಸ್ ಕೊಡಬಹುದು ಅಂತ ಇದೆ.

ತಾತ ಇದನ್ನ ತಗೊಂಡಾಗ ನಮ್ಮ ಹೊಲ ಇದ್ದಿದ್ದು ಸಾರಕ್ಕಿ ಕಡೆ. ಈಗಿನ ಜೆ.ಪಿ. ನಗರ. ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ ಎಲ್ಲಾ ಆಗ ಹಳ್ಳಿಗಳೇ. ರಾಗಿ, ಅವರೆ, ಹುರುಳಿ ಬೆಳೀತಿದ್ರು. ಕಡಲೆಕಾಯಿ ಕಾಲದಲ್ಲಿ ಹಂದಿ ಕಾಟ ಅಂತ ಅಪ್ಪ ಹೇಳ್ತಿದ್ರು. ಈಗ ಅಲ್ಲಿ ನಿಂತು ಹಂದಿ ಅಂದ್ರೆ ಜನ ನಗ್ತಾರೆ. ಹೊಲ ಲೇಔಟಿಗೆ ಹೋದ ಮೇಲೆ ಬಂದ ದುಡ್ಡಲ್ಲಿ ಕಗ್ಗಲೀಪುರದ ಈಚೆಗೆ ಎರಡೂವರೆ ಎಕರೆ ತಗೊಂಡ್ವಿ. ಅಲ್ಲಿಂದ ನಮ್ಮ ಜೊತೆ ಬಂದಿದ್ದು ಒಂದು ಜೊತೆ ಎತ್ತು, ಒರಳುಕಲ್ಲು, ಈ ಕೋವಿ. ಇಲ್ಲಿ ಬನ್ನೇರುಘಟ್ಟದ ಕಾಡು ಹತ್ರ. ಹಂದಿ ಜೊತೆಗೆ ಆನೆನೂ ಸಿಕ್ತು.

ಅಪ್ಪ ತೀರ್ಕೊಂಡಿದ್ದು 2011ರ ನವೆಂಬರ್‌ನಲ್ಲಿ. ರಾಗಿ ತೆನೆ ಬಲೀತಿದ್ದ ಟೈಮು. ಆಮೇಲೆ ಲೈಸೆನ್ಸು ನನ್ನ ಹೆಸರಿಗೆ ಮಾಡಿಸ್ಕೊಂಡೆ. ವಾರಸುದಾರರಿಗೆ ವರ್ಗ ಮಾಡಿಸ್ಕೊಳ್ಳೋಕೆ ಅವಕಾಶ ಇದೆ, ನೀವೂ ಬಿಡಬೇಡಿ. ಆದ್ರೆ ಕೋವಿ ಮುಟ್ಟಿದ್ದು ಕಮ್ಮಿ. ನಾನು ಪಟಾಕಿ, ತಮಟೆ, ಟಾರ್ಚು ಅಂತ ಇದ್ದೆ. ಕೋವಿ ಗೋಡೆ ಮೇಲೆ. ವರ್ಷಕ್ಕೊಂದು ಸಲ ಆಯುಧ ಪೂಜೆಗೆ ಇಳಿಸಿ, ಕೊಬ್ಬರಿ ಎಣ್ಣೆ ಒರೆಸಿ, ಕುಂಕುಮ ಇಟ್ಟು ಮತ್ತೆ ಗೋಡೆಗೆ. ಎಲೆಕ್ಷನ್ ಬಂದಾಗ ಠಾಣೆಗೆ ಜಮಾ ಮಾಡೋದು, ಮುಗಿದ ಮೇಲೆ ರಸೀತಿ ತೋರಿಸಿ ವಾಪಸ್ ತರೋದು. ಅಷ್ಟೇ.

ಈ ವರ್ಷ ಮಾರ್ಚಲ್ಲಿ ನೋಡಿದ್ರೆ ನಳಿಗೆಗೆಲ್ಲ ತುಕ್ಕು. ಹಿಂದಿನ ಮರ ಬಿರುಕು ಬಿಟ್ಟಿತ್ತು. ಕುದುರೆ ಎತ್ತಿದ್ರೆ ನಿಲ್ತಿರ್ಲಿಲ್ಲ. ಮೂರು ತಲೆಮಾರಿನ ವಸ್ತು ಹಿಂಗೆ ಹಾಳಾಗ್ತಿದೆಯಲ್ಲ ಅಂತ ನಾಚಿಕೆ ಆಯ್ತು. ಎಮರಿ ಪೇಪರ್ ತಂದು ಉಜ್ಜೋಕೆ ಕೂತೆ. ಅದು ನನ್ನ ಮೊದಲ ತಪ್ಪು. ನಳಿಗೆ ಮೇಲೆ ನಂಬರ್ ಕೆತ್ತಿರುತ್ತೆ, ಲೈಸೆನ್ಸ್ ಪುಸ್ತಕದಲ್ಲೂ ಅದೇ ನಂಬರ್. ಅದು ಉಜ್ಜಿ ಅಳಿಸಿ ಹೋದ್ರೆ ಕೋವಿ ನಿಮ್ಮದೇ ಅಂತ ತೋರಿಸೋದು ಕಷ್ಟ, ನಂಬರ್ ಅಳಿಸೋದೇ ಅಪರಾಧ. ಪಕ್ಕದ ತೋಟದವರು ನೋಡಿ ಬೈದು ನಿಲ್ಲಿಸಿದ್ರು. ಪುಣ್ಯಕ್ಕೆ ನಂಬರ್ ಉಳೀತು.

ರಿಪೇರಿನೂ ಯಾರ ಹತ್ರ ಬೇಕಾದ್ರೂ ಮಾಡಿಸೋಂಗಿಲ್ಲ, ರಿಪೇರಿ ಲೈಸೆನ್ಸ್ ಇರೋ ಅಂಗಡಿಯಲ್ಲೇ ಆಗ್ಬೇಕು. ಮೆಟ್ರೋದಲ್ಲಿ ಅಂತೂ ಬಿಡಲ್ಲ. ಲೈಸೆನ್ಸ್ ಪುಸ್ತಕ ಜೇಬಲ್ಲಿಟ್ಕೊಂಡು, ಕೋವಿನ ಗೋಣಿತಾಟಲ್ಲಿ ಸುತ್ತಿ, ಗೊತ್ತಿರೋರ ಕಾರಲ್ಲಿ ಹೊರಟೆ. ತಲಘಟ್ಟಪುರ, ಕೋಣನಕುಂಟೆ ಕ್ರಾಸ್, ಆಮೇಲೆ ಸಾರಕ್ಕಿ. ಸಿಗ್ನಲ್‌ನಲ್ಲಿ ಅರ್ಧ ಗಂಟೆ ನಿಂತ್ವಿ. ತಾತ ಕೋವಿ ಹಿಡ್ಕೊಂಡು ರಾತ್ರಿ ಕಾಯ್ತಿದ್ದ ಜಾಗ ಇದೇ ಆಸುಪಾಸು. ಅದೇ ಕೋವಿ ನನ್ನ ಕಾಲ ಹತ್ರ ಮಲಗಿತ್ತು. ಬನಶಂಕರಿ, ಸೌತ್ ಎಂಡ್ ದಾಟಿ ಪೇಟೆ ಸೇರೋ ಹೊತ್ತಿಗೆ ಹನ್ನೊಂದಾಗಿತ್ತು.

ಅಂಗಡಿ ಮೇಸ್ತ್ರಿಗೆ ಎಪ್ಪತ್ತರ ಹತ್ರ ವಯಸ್ಸು. ಕೋವಿ ಕೈಗೆ ತಗೊಂಡು ತುಕ್ಕು ನೋಡ್ಲಿಲ್ಲ, ಮರ ನೋಡ್ಲಿಲ್ಲ. ಬಾಯಿ ಗೋಡೆ ಕಡೆ ತಿರುಗಿಸಿ, ಒಂದು ಗಜ ಮೆಲ್ಲಗೆ ಒಳಗೆ ಬಿಟ್ರು. ಅದು ನಿಂತ ಕಡೆ ಬಾಯಿ ಅಂಚಿಗೆ ಉಗುರು ಒತ್ತಿ ಗುರುತು ಮಾಡಿ ಹೊರಗೆ ತೆಗೆದ್ರು. ಅದೇ ಗಜನ ನಳಿಗೆ ಪಕ್ಕಕ್ಕೆ, ಹೊರಗಿಂದ ಇಟ್ಟು ಅಳೆದ್ರು. ಬುಡ ಮುಟ್ಟೋಕೆ ನಾಲ್ಕು ಬೆರಳು ಕಮ್ಮಿ ಇತ್ತು.

"ಇದು ತುಂಬಿದ ಕೋವಿ" ಅಂದ್ರು.

ನಾನು ಇಲ್ಲ ಸಾರ್, ಕಸ ಸೇರಿರುತ್ತೆ, 14 ವರ್ಷದಿಂದ ಮುಟ್ಟಿಲ್ಲ ಅಂದೆ. ಅವರು ಮಾತಾಡ್ಲಿಲ್ಲ. ನಳಿಗೆಗೆ ನೀರು ಹುಯ್ದು ನೆನೆಯೋಕೆ ಬಿಟ್ಟು, ನಾಳೆ ಬನ್ನಿ ಅಂದ್ರು. ಮಾರನೇ ದಿನ ತಿರುಪಿನ ಮೊನೆ ಇರೋ ಗಜದಲ್ಲಿ ತಿರುವಿ ತಿರುವಿ ಎಳೆದ್ರು. ಮೊದಲು ನಾರಿನ ಉಂಡೆ ಬಂತು. ಆಮೇಲೆ ಕೋವಿ ಬಗ್ಗಿಸಿದಾಗ ತಟ್ಟೆಗೆ ಟಕಟಕ ಅಂತ ಸೀಸದ ಗುಂಡು ಬಿತ್ತು. ಕಡಲೆ ಕಾಳಿನ ಗಾತ್ರದ್ದು, ಒಂಬತ್ತು. ಅದರ ಹಿಂದೆ ಇನ್ನೊಂದು ಉಂಡೆ, ಕೊನೆಗೆ ಕಪ್ಪು ಮದ್ದಿನ ಕೆಸರು.

ಮದ್ದು ಹಳೇದಾಗಿ ಸತ್ತು ಹೋಗಿರುತ್ತಲ್ವಾ ಅಂತ ಕೇಳಿದೆ. ಕರಿಮದ್ದು ಒಣಗಿದ್ರೆ ಎಷ್ಟು ವರ್ಷ ಆದ್ರೂ ಸಾಯಲ್ಲ, ಕೇಪು ಇಟ್ಟು ಒಂದೇಟು ಬಿದ್ದಿದ್ರೆ ಸಾಕಿತ್ತು ಅಂದ್ರು.

ನನಗೆ ಆಗ ಹೊಟ್ಟೆ ಕಿವುಚಿದಂಗಾಯ್ತು. ಪ್ರತಿ ಪೂಜೆಗೂ ನಾನು ಕುದುರೆ ಎತ್ತಿ ಟಕ್ ಅನ್ನಿಸಿ ಮಕ್ಕಳನ್ನ ನಗಿಸ್ತಿದ್ದೆ. ಹೋದ ದೀಪಾವಳಿಯಲ್ಲಿ ಆರು ವರ್ಷದ ಮೊಮ್ಮಗ ಆಟದ ಪಿಸ್ತೂಲಿನ ಕೇಪು ತಂದು "ತಾತ, ದೊಡ್ಡ ಕೋವಿಗೆ ಹಾಕಣ" ಅಂದಿದ್ದ. ಊಟಕ್ಕೆ ಕರೆದ್ರು ಅಂತ ಎದ್ದು ಹೋದ್ವಿ. ಅಷ್ಟೇ. ನನ್ನ ಬುದ್ಧಿಯಿಂದ ತಪ್ಪಿದ್ದಲ್ಲ, ಸಾರು ಆರುತ್ತೆ ಅಂತ ತಪ್ಪಿದ್ದು.

ಮನೆಗೆ ಬಂದು ಅವ್ವನ್ನ ಕೇಳಿದೆ. ಅಪ್ಪ ಯಾವಾಗ್ಲೂ "ಬರೀ ಮದ್ದು, ಸದ್ದಿಗೆ ಮಾತ್ರ" ಅಂತಿದ್ರು, ಗುಂಡು ಯಾಕೆ ಬಂತು ಅಂತ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು. ಆ ವಾರ ಹಂದಿ ಎರಡು ರಾತ್ರಿ ನುಗ್ಗಿ ಕಾಲು ಭಾಗ ರಾಗಿ ಮಲಗಿಸಿತ್ತಂತೆ. ಅಪ್ಪ ಸಿಟ್ಟಲ್ಲಿ ತುಂಬಿ ಇಟ್ಟಿದ್ರಂತೆ. ಅದೇ ಸಂಜೆ ಎದೆ ನೋವು ಅಂತ ಮಲಗಿದವರು ಮೇಲೇಳ್ಲಿಲ್ಲ. ಕೇಪಿನ ಕೋವಿ ತುಂಬಿದ ಮೇಲೆ ಹೊಡೆದೇ ಖಾಲಿ ಮಾಡೋದು ರೂಢಿ. ಅಪ್ಪ ಬೆಳಗಿನ ಜಾವ ಕೆರೆ ಏರಿ ಕಡೆ ಹೊಡೆದು ಬರೋರು. ಆ ಬೆಳಗ್ಗೆ ಯಾರಿಗೂ ಅದರ ಯೋಚನೆ ಇರ್ಲಿಲ್ಲ.

ಇದರಲ್ಲಿ ನಾನು ಯಾರನ್ನೂ ದೂರಲ್ಲ. ಜಮಾ ಮಾಡ್ಕೊಂಡವರು ಗಜ ಹಾಕಿ ನೋಡ್ಲಿಲ್ಲ ನಿಜ. ಆದ್ರೆ ಲೈಸೆನ್ಸ್ ನನ್ನ ಹೆಸರಲ್ಲಿದೆ, ನೋಡಬೇಕಾಗಿದ್ದು ನಾನು.

ರಿಪೇರಿ ಮುಗಿಯೋಕೆ ಮೂರು ತಿಂಗಳು ಹಿಡೀತು. ಖರ್ಚು 6,800 ರೂಪಾಯಿ. ನಳಿಗೆ ಒಳಗೆ ಬೆಳಕು ಬಿಟ್ಟು ತೋರಿಸಿದ್ರು, ತುಕ್ಕು ಮೇಲ್ಮೇಲೆ ಇತ್ತು, ಆಳದ ಗುಳಿ ಇರ್ಲಿಲ್ಲ. ಗುಳಿ ಬಿದ್ದಿದ್ರೆ ನಳಿಗೆ ಒಡೆದು ಹೊಡೆದವನ ಕೈಗೇ ಬರುತ್ತೆ, ಅಂಥದ್ದು ಗೋಡೆಗೆ ಮಾತ್ರ ಅಂದ್ರು. ಕುದುರೆ ಸ್ಪ್ರಿಂಗು, ತೊಟ್ಟು ಹೊಸದು ಹಾಕಿದ್ರು. ಮರದ ಕೆಲಸ ನಾನೇ ಮಾಡಿದೆ. ಬಿರುಕಿಗೆ ಅಂಟು, ಆಮೇಲೆ ವಾರಕ್ಕೊಂದು ಸಲ ತೆಳ್ಳಗೆ ಅಗಸೆ ಎಣ್ಣೆ. ಇನ್ನೆರಡು ಮಾತು ಕಲಿಸಿ ಕಳಿಸಿದ್ರು. ಹೊಡೆದ ದಿನವೇ ಬಿಸಿನೀರಲ್ಲಿ ನಳಿಗೆ ತೊಳೀಬೇಕು, ಯಾಕಂದ್ರೆ ಕರಿಮದ್ದಿನ ಮಸಿ ತೇವ ಎಳ್ಕೊಂಡು ತುಕ್ಕು ಹಿಡಿಸುತ್ತೆ. ತೊಳೆದು, ಒಣಗಿಸಿ, ಎಣ್ಣೆ. ಇನ್ನೊಂದು, ತೋಟಾ ಬಿಚ್ಚಿ ಅದರ ಮದ್ದು ಇದಕ್ಕೆ ಯಾವತ್ತೂ ಹಾಕಬಾರದು. ಅದರ ಒತ್ತಡ ಈ ನಳಿಗೆ ತಡೆಯಲ್ಲ.

ನವೆಂಬರ್‌ನಲ್ಲಿ ಹಂದಿ ಬಂದ ರಾತ್ರಿ ಬರೀ ಮದ್ದು ಹಾಕಿ ಆಕಾಶಕ್ಕೆ ಒಂದು ಹೊಡೆದೆ. ಸದ್ದಿಗೆ ಓಡಿದ್ವು. ಮೂರನೇ ರಾತ್ರಿ ಇನ್ನೊಂದು ಮೂಲೆಯಿಂದ ಬಂದ್ವು. ಅಷ್ಟೇ ಅದರ ಲಾಭ. ಆನೆ ಬಂದ್ರೆ ನಾನು ಕೋವಿ ಮುಟ್ಟೋದೇ ಇಲ್ಲ, ಅರಣ್ಯ ಇಲಾಖೆಗೆ ಫೋನು. ಚರೆ ಬಿದ್ರೆ ಆನೆ ಸಾಯಲ್ಲ, ಗಾಯ ಕೀವು ಕಟ್ಕೊಂಡು ನರಳುತ್ತೆ, ಸಿಟ್ಟು ಮಾತ್ರ ನಮ್ಮೇಲೆ ಉಳಿಯುತ್ತೆ. 1972ರ ಕಾಯ್ದೆ ಕೇಸು ಬೇರೆ. ಬೆಳೆ ಹೋದ್ರೆ ಫೋಟೋ ತೆಗೆದು ಪರಿಹಾರಕ್ಕೆ ಅರ್ಜಿ ಹಾಕಿ. ತಡ ಆದ್ರೂ ಅದೇ ದಾರಿ.

ಕೊಡಗಿನವರಿಗೆ ಲೈಸೆನ್ಸೇ ಬೇಡ, ನಮಗ್ಯಾಕೆ ಅಂತ ಕೆಲವರು ಕೇಳ್ತೀರ. ಅದು ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ. ನಮಗೆ ಅನ್ವಯ ಆಗಲ್ಲ.

ನಿಮ್ಮ ಅಟ್ಟದ ಮೇಲೋ ಗೋಡೆ ಮೇಲೋ ತಾತನದು ಅಂತ ಒಂದು ಇದ್ರೆ, ತುಂಬಿಲ್ಲ ಅಂತ ನಂಬಬೇಡಿ. ಕುದುರೆ ಎಳೀಬೇಡಿ, ಒಳಗೆ ಇಣುಕಬೇಡಿ, ಬಾಯಿ ಯಾರ ಕಡೆಗೂ ತಿರುಗಿಸಬೇಡಿ. ಒಳಗೊಂದು ಸಲ, ಹೊರಗೊಂದು ಸಲ ಗಜ ಅಳೆದು ನೋಡಿ. ಕಮ್ಮಿ ಬಂದ್ರೆ ನೀವೇ ಕೈ ಹಾಕದೆ ಗೊತ್ತಿರೋರ ಹತ್ರ ಕೊಂಡೊಯ್ಯಿರಿ. ಮಕ್ಕಳಿರೋ ಮನೆ ಆದ್ರೆ ಇವತ್ತೇ ನೋಡಿ.

ಆ ಒಂಬತ್ತು ಗುಂಡನ್ನ ಅವ್ವ ಒಂದು ಡಬ್ಬಿಗೆ ಹಾಕಿ ಇಟ್ಕೊಂಡಿದ್ದಾರೆ. ಕೋವಿ ಈಗ ಗೋಡೆ ಮೇಲಿಲ್ಲ, ಬೀರುವಿನಲ್ಲಿ, ಬೀಗ ಹಾಕಿ. ಬೀಗದ ಕೈ ನನ್ನ ಉಡಿದಾರದಲ್ಲಿ.

ನಾಳೆ ಅವರೆಗೆ ನೀರು ಬಿಡಬೇಕು. ಸಿಗೋಣ.