ನನ್ನ ಯಜಮಾನ ಯಾರು?

ತುಂಬಾ ದಿನದಿಂದ ಬ್ಲಾಗ್ ಕಡೆ ತಲೆ ಹಾಕಿರಲಿಲ್ಲ. ಬರೆಯೋಕೆ ಮನಸ್ಸೇ ಇರಲಿಲ್ಲ ಅನ್ನಿ. ಕೆಲಸ ಹೋಯ್ತು. ಈಗ ಪುರುಸೊತ್ತಿಗೇನೂ ಬರವಿಲ್ಲ :)

2021ರಿಂದ ಚನ್ನಪಟ್ಟಣದ ನಮ್ಮ ಮನೆ ಮಹಡಿ ರೂಮಲ್ಲಿ ಕೂತು ಜರ್ಮನಿಯ ಒಂದು ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡ್ತಿದ್ದೆ. ಆ ಕಂಪನಿಗೆ ಭಾರತದಲ್ಲಿ ಆಫೀಸಿಲ್ಲ. ನಾಲ್ಕು ಜನರಿಗೋಸ್ಕರ ಇಲ್ಲೊಂದು ಕಂಪನಿ ರಿಜಿಸ್ಟರ್ ಮಾಡಿಸಿ, ಪಿಎಫ್, ಟಿಡಿಎಸ್ ಅಂತ ಒದ್ದಾಡೋದು ಯಾರಿಗೆ ಬೇಕು? ಅದಕ್ಕೇ ನಡುವೆ ಇನ್ನೊಂದು ಕಂಪನಿ. ಇದಕ್ಕೆ ‘ಎಂಪ್ಲಾಯರ್ ಆಫ್ ರೆಕಾರ್ಡ್’ ಅಂತಾರೆ. ನನ್ನ ಭಾಷೆಯಲ್ಲಿ ಹೇಳೋದಾದ್ರೆ ಕಾಗದದ ಯಜಮಾನ. ನೇಮಕಾತಿ ಪತ್ರ ಕೊಡೋದು, ಸಂಬಳ ಹಾಕೋದು, ಪಿಎಫ್ 12% ಹಿಡಿಯೋದು, 200 ರೂಪಾಯಿ ವೃತ್ತಿ ತೆರಿಗೆ ಕಟ್ಟೋದು, ಫಾರ್ಮ್ 16 ಕೊಡೋದು ಎಲ್ಲಾ ಇವರೇ. ಜರ್ಮನಿಯವರು ಸಂಬಳದ ಮೇಲೆ ಶುಲ್ಕ ಸೇರಿಸಿ ಇವರಿಗೆ ಕಳಿಸ್ತಾರೆ. ಕೆಲಸ ಹೇಳೋರು ಮಾತ್ರ ಅವರು.

ಮೊದಲು ಫಜೀತಿ ಆಗಿದ್ದು ಮನೆ ಸಾಲಕ್ಕೆ ಹೋದಾಗ. ಬ್ಯಾಂಕಿನವರು ಪೇ ಸ್ಲಿಪ್ ನೋಡಿ, “ಈ ಕಂಪನಿಯಲ್ಲಿ ಏನ್ ಕೆಲಸ ಸಾರ್ ನಿಮ್ದು?” ಅಂದ್ರು. “ಇಲ್ಲಿ ಏನೂ ಇಲ್ಲ ಸಾರ್, ಕೆಲಸ ಬೇರೆ ಕಡೆ” ಅಂದೆ. ಅವರು ನನ್ನನ್ನ ನೋಡಿದ ನೋಟ ಇನ್ನೂ ನೆನಪಿದೆ. ಕೊನೆಗೂ ಸಾಲ ಸಿಕ್ತು.

ನಾಲ್ಕು ವರ್ಷ ಮೂರು ತಿಂಗಳು ಆಗಿತ್ತು. ಒಂದು ದಿನ ಜರ್ಮನಿಯ ಮ್ಯಾನೇಜರ್ ವಿಡಿಯೋ ಕಾಲಲ್ಲಿ, ಬಜೆಟ್ ಕಡಿಮೆ ಆಗಿದೆ, ಕ್ಷಮಿಸು ಅಂದ. ಸಂಜೆಗೆ ಕಾಗದದ ಯಜಮಾನರಿಂದ ಪತ್ರ: 30 ದಿನದ ನೋಟಿಸ್. ಗ್ರಾಚ್ಯುಯಿಟಿ ಕೇಳಿದೆ. ಐದು ವರ್ಷ ಆಗಿಲ್ಲ ಅಂದ್ರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ, ನಿಗದಿತ ಅವಧಿಗೆ ಸೇರಿದವನಿಗೆ ಒಂದು ವರ್ಷಕ್ಕೇ ಗ್ರಾಚ್ಯುಯಿಟಿ ಇದೆ. ನನ್ನ ಪತ್ರದಲ್ಲಿ ‘ಕಾಯಂ’ ಅಂತಿತ್ತು! ಇನ್ನೇನಾದ್ರೂ ಪರಿಹಾರ ಕೊಡ್ತೀರಾ ಅಂದ್ರೆ, ಇವರು ಅವರನ್ನ ಕೇಳಿ ಅಂತಾರೆ, ಅವರು ಇವರನ್ನ ಕೇಳಿ ಅಂತಾರೆ.

ಮಾಗಡಿ ಕಡೆಯ ನಮ್ಮ ಮಾವ ರಾಮನಗರದ ಮಾರುಕಟ್ಟೆಗೆ ರೇಷ್ಮೆ ಗೂಡು ತರ್ತಾರೆ. ಹರಾಜಿನಲ್ಲಿ ಬಂದ ಬೆಲೆ ಒಪ್ಪದಿದ್ರೆ ಬೇಡ ಅನ್ನಬಹುದು. ನಾನು ಯಾರಿಗೆ ಬೇಡ ಅನ್ನಲಿ?

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲಾ ಹೇಳಿದೆ. ಅಪ್ಪ ನಲವತ್ತು ವರ್ಷ ಲೇತ್ ಮುಂದೆ ಕೂತು ಆಲೆ ಮರ ಕಡೆದು, ಅರಗಿನ ಬಣ್ಣ ಹಾಕಿದವರು.

“ನಾನ್ ಮಾಡಿದ್ ಗೊಂಬೆ ಯಾವ್ಯಾವ್ ದೇಸಕ್ಕೋ ಹೋಗವೆ ಕಣ್ ಮಗಾ. ತಗಂಡೋನ್ ಮುಖ ಕಂಡಿದೀನಾ? ಆರ್ಡರ್ ತರೋನೇ ಯಜಮಾನ. ಆರ್ಡರ್ ನಿಂತ್ರೆ ಅವ್ನೂ ಫೋನ್ ಎತ್ತಲ್ಲ. ನಿಂಗೆ ಪಿಎಫ್ಫಾದ್ರೂ ಐತೆ.”

ನನಗೆ ಮಾತೇ ಬರಲಿಲ್ಲ. ಅಪ್ಪ ಯಾವತ್ತೂ ಯಾರ ನೌಕರನೂ ಆಗಿರಲಿಲ್ಲ, ಕಾಗದದ ಮೇಲೂ. ಅವರ ಆ ದುಡಿಮೆಯಲ್ಲೇ ನಾನು ಇಂಜಿನಿಯರ್ ಆಗಿದ್ದು. ಈಗ ನನ್ನ ಮನೆ ಸಾಲದ ಕಂತಿಗೆ, ಬಿಟ್ಟಿದ್ದ ಲೇತ್ ಮತ್ತೆ ಶುರು ಮಾಡ್ತೀನಿ ಅಂತ ಕೂತಿದಾರೆ. ಬೇಡ ಅಂದ್ರೆ ಕೇಳ್ತಿಲ್ಲ.

ಇಂಥ ಕೆಲಸಕ್ಕೆ ಸೇರೋರು ನೋಟಿಸ್ ಎಷ್ಟು ದಿನ, ತೆಗೆದ್ರೆ ಯಾರು ಏನು ಕೊಡ್ತಾರೆ ಅಂತ ಮೊದಲೇ ಬರೆಸಿಕೊಳ್ಳಿ. ನಾನು ಸಂಬಳದ ಅಂಕಿ ಮಾತ್ರ ನೋಡಿದ್ದೆ.

ನಿಮ್ಮಲ್ಲಿ ಯಾರಿಗಾದ್ರೂ ಹೀಗಾಗಿದ್ರೆ ಹೇಳಿ. ಕೆಳಗಿನಿಂದ ಲೇತ್ ಸದ್ದು ಕೇಳ್ತಿದೆ. ಇಳಿದು ಹೋಗಿ ಬರ್ತೀನಿ.