ಬೀರುವಿನ ಬಾಕಿ

ಪುಸ್ತಕ ಕೊಳ್ಳುವುದಕ್ಕೂ ಓದುವುದಕ್ಕೂ ಅಂಥ ಸಂಬಂಧವೇನೂ ಇಲ್ಲವೆಂಬುದು ಮನೆಯಲ್ಲಿ ಪುಸ್ತಕದ ಬೀರು ಇರುವವರಿಗೆಲ್ಲ ಗೊತ್ತು. ಸಾಹಿತ್ಯ ಸಮ್ಮೇಳನಕ್ಕೆ ಹೋದವರು ಗೋಷ್ಠಿಗಳ ಕಡೆ ತಲೆ ಹಾಕದಿದ್ದರೂ ಮಳಿಗೆಗಳಲ್ಲಿ ಸುತ್ತಿ ಎರಡು ಚೀಲ ತುಂಬಿಸಿಕೊಂಡು ಬರುತ್ತಾರೆ. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ರಿಯಾಯಿತಿ ಬೇರೆ. ತಂದದ್ದರ ಮೊದಲ ಪುಟದಲ್ಲಿ ಹೆಸರು, ತಾರೀಖು ಬರೆದು ಬೀರುವಿನಲ್ಲಿಟ್ಟರೆ ಅರ್ಧ ಓದಿದಷ್ಟೇ ಸಮಾಧಾನ. ಉಳಿದರ್ಧ ಹಾಗೇ ಉಳಿಯುತ್ತದೆ. ಜಪಾನೀಯರು ಈ ಚಾಳಿಗೆ ‘ತ್ಸುಂದೊಕು’ ಎಂಬ ಹೆಸರನ್ನೇ ಇಟ್ಟಿದ್ದಾರೆ.

ಮೈಸೂರಿನ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಈ ಬಾಕಿಯನ್ನು ಕ್ರಮವಾಗಿ ತೀರಿಸಲು ಹೊರಟರು. ಮೂರು ದಶಕ ಲೆಡ್ಜರ್ ಬರೆದ ಕೈ ಅದು. ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಹೊಡೆದು ಪುಸ್ತಕದ ಹೆಸರು, ಕೊಂಡ ವರ್ಷ, ಪುಟ, ಆರಂಭ, ಮುಕ್ತಾಯ ಎಂದು ಕಾಲಂ ಮಾಡಿದರು. ಎಣಿಸಿದರೆ ಓದದೆ ಉಳಿದವು 412! ತಿಂಗಳಿಗೆ ಎರಡರಂತೆ ವರ್ಷಕ್ಕೆ 24. ಎಲ್ಲ ಮುಗಿಯಲು ಹದಿನೇಳು ವರ್ಷ ಚಿಲ್ಲರೆ. ಅವರಿಗಾಗ ಅರವತ್ತೇಳು. ಎರಡನ್ನೂ ಕೂಡಿಸಿ ನೋಡಿ, ಪೆನ್ನಿನ ಕ್ಯಾಪು ಹಾಕಿದರು.

“ಮೊದ್ಲು ಕೊಳ್ಳೋದು ನಿಲ್ಸಿ ರೀ, ಲೆಕ್ಕ ತಾನಾಗೇ ಸರಿಹೋಗತ್ತೆ” ಎಂದರು ಹೆಂಡತಿ.

ಕೊಳ್ಳುವುದು ನಿಲ್ಲಲಿಲ್ಲ, ಅದಿರಲಿ. ಆದರೆ ಓದಿನ ರೀತಿಯೇ ಬದಲಾಯಿತು. ತಿಂಗಳ ಕೊನೆಗೆ ಸಂಖ್ಯೆ ಕಮ್ಮಿ ಬಿದ್ದರೆ ತೆಳ್ಳಗಿನ ಪುಸ್ತಕಕ್ಕೆ ಹುಡುಕಾಟ. ಕವನ ಸಂಕಲನಗಳು ಒಂದೊಂದು ಸಂಜೆಗೆ ಒಂದರಂತೆ ‘ಮುಕ್ತಾಯ’ವಾದವು. ಕವಿಗಳಿಗೆ ಇದಕ್ಕಿಂತ ಅನ್ಯಾಯ ಬೇರೆ ಬೇಕೆ! 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮಾತ್ರ, ಏಳುನೂರು ಪುಟಗಳ ಆಸುಪಾಸಿನ ಗಾತ್ರ ನೋಡಿಯೇ, ಕೆಳಗಿನ ಅರೆಯಲ್ಲಿ ಉಳಿಯಿತು.

ಹಾಗೆಂದು ಪಟ್ಟಿ ಇಡುವುದೇ ತಪ್ಪೆನ್ನಲಾಗದು. ಚಾರ್ಲ್ಸ್ ಡಾರ್ವಿನ್ 1838ರಿಂದ 1860ರವರೆಗೆ ನೋಟ್‌ಬುಕ್ಕುಗಳಲ್ಲಿ ಓದಬೇಕಾದವು, ಓದಿದವು ಎಂದು ಎರಡು ಪಟ್ಟಿ ಇಟ್ಟಿದ್ದ. ಕೆಲವದರ ಮುಂದೆ ಚೆನ್ನಾಗಿದೆ, ಸಪ್ಪೆ, ಬರೀ ತಿರುವಿ ಹಾಕಿದ್ದು ಎಂದು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದ. ಅವನಿಗೆ ನಿಸರ್ಗದ ಆಯ್ಕೆಯ ಸುಳಿವು ಕೊಟ್ಟ ಮಾಲ್ಥಸನ ಜನಸಂಖ್ಯೆಯ ಪುಸ್ತಕವನ್ನು ಅವನು 1838ರಲ್ಲಿ ಓದಿದ್ದು ಕಾಲಕ್ಷೇಪಕ್ಕೆಂದು. ಹಾಗೆಂದು ಅವನೇ ಆತ್ಮಕಥೆಯಲ್ಲಿ ಹೇಳಿದ್ದಾನೆ. ತಿಂಗಳಿಗಿಷ್ಟು ಎಂಬ ಗಡುವಿಗೆ ಓದಿದ್ದರೆ ಅವನೂ ತೆಳ್ಳಗಿನದನ್ನೇ ಹುಡುಕುತ್ತಿದ್ದನೋ ಏನೋ.

ಡಾರ್ವಿನ್ನನ ಆ ಟಿಪ್ಪಣಿಗಳಿಗೆ ನಮ್ಮ ಕಚೇರಿಗಳಲ್ಲಿ ‘ಷರಾ’ ಎನ್ನುತ್ತಾರೆ. ಬ್ಯಾಂಕಿನವರು ಅದೊಂದು ಕಾಲಂ ಬಿಟ್ಟಿದ್ದರು. ಎರಡನೆಯ ವರ್ಷ ಅಂಚಿನಲ್ಲಿ ಗೆರೆ ಎಳೆದು ಅದನ್ನೂ ಸೇರಿಸಿದರು. ಅದರಲ್ಲಿ ಅವರು ಮೊದಲು ಬರೆದ ಷರಾ: ‘ಓದುವುದಿಲ್ಲ’.

ಬರೆಯುವುದು ಸುಲಭವಿರಲಿಲ್ಲ. ಷೇರು ಪೇಟೆಯ ಪುಸ್ತಕಗಳು, ಯಾರೋ ಹೊಗಳಿದರೆಂದು ತಂದ ಕಾದಂಬರಿಗಳು ಬೇಗ ಹೋದವು. ಅರುವತ್ತರಷ್ಟು ಪುಸ್ತಕಗಳು ರಟ್ಟಿನ ಪೆಟ್ಟಿಗೆಯಲ್ಲಿ ಹುಟ್ಟೂರಿನ ಗ್ರಂಥಾಲಯ ಸೇರಿದವು. ಕೈ ತಡೆದದ್ದು ಸಂಸ್ಕೃತ ಸ್ವಬೋಧಿನಿಯ ಹತ್ತಿರ. ಮೊದಲ ಪುಟದಲ್ಲಿ 1979 ಎಂದಿತ್ತು. ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮುನ್ನ ಅರ್ಧ ಗಂಟೆ ಕೂತು ಕಲಿತು, ಕಾಳಿದಾಸನನ್ನು ಮೂಲದಲ್ಲೇ ಓದಬೇಕೆಂದುಕೊಂಡಿದ್ದ ಹುಡುಗನೊಬ್ಬ ಅದನ್ನು ಕೊಂಡಿದ್ದ. ಆ ಪುಸ್ತಕದ ಮುಂದೆ ‘ಓದುವುದಿಲ್ಲ’ ಎಂದರೆ ಆ ಹುಡುಗನ ಖಾತೆಯನ್ನೂ ಮುಚ್ಚಿದಂತೆ. ಮೂರು ಸಲ ಪೆಟ್ಟಿಗೆಗೆ ಹಾಕಿ ಮೂರು ಸಲವೂ ತೆಗೆದರು. ಅದರ ಷರಾ ಈಗಲೂ ಖಾಲಿ.

ತಿಂಗಳಿಗೆ ಎರಡು ಎಂಬ ಕರಾರು ಮಾತ್ರ ಬಿದ್ದುಹೋಗಿದೆ. ‘ಮದುಮಗಳು’ ಅರೆಯಿಂದ ಮೇಜಿಗೆ ಬಂದು ಮೂರು ತಿಂಗಳಾಯಿತು, 212ನೇ ಪುಟದಲ್ಲಿದೆ. ಸಂಜೆ ಕಾಫಿ ಲೋಟ ಇಡುವಾಗ ಹೆಂಡತಿ ಒಮ್ಮೊಮ್ಮೆ ಬಗ್ಗಿ ನೋಡುತ್ತಾರೆ:

“ಇನ್ನೂ ಮದ್ವೆ ಆಗ್ಲಿಲ್ವೇನ್ರೀ?”